ಡೆಸ್ಕ್‌ಟಾಪ್‌ಗೆ ರ್‍ಯಾಮ್: ಒಂದು ಸ್ಟಿಕ್ ಸೇರಿಸೋದೋ, ಜೋಡಿಯನ್ನೇ ಬದಲಿಸೋದೋ?

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತು ‘8 ಜಿಬಿ ರ್‍ಯಾಮ್ ಕೊಡಿ’ ಅಂದರೆ ತಕ್ಷಣ ಪ್ರಶ್ನೆಗಳು ಸಾಲುಗಟ್ಟುತ್ತವೆ. ಡಿಡಿಆರ್3 ಬೇಕಾ, 4 ಬೇಕಾ? ಡೆಸ್ಕ್‌ಟಾಪಿಗಾ, ಲ್ಯಾಪ್‌ಟಾಪಿಗಾ? ಎಷ್ಟು ಬಸ್, ಅಂದರೆ ವೇಗ? ಹೊಸದಾ, ಸೆಕೆಂಡ್ ಹ್ಯಾಂಡಾ? ಉತ್ತರ ಗೊತ್ತಿಲ್ಲದೆ ಹೋದವರು ಅಂಗಡಿಯವರು ಕೈಗಿಟ್ಟದ್ದನ್ನು ತರುತ್ತಾರೆ. ಮನೆಗೆ ಬಂದು ನೋಡಿದರೆ ಅದು ಸ್ಲಾಟಿಗೆ ಕೂರುವುದಿಲ್ಲ. ಕೂತರೂ ಡಿಸ್‌ಪ್ಲೇ ಬರುವುದಿಲ್ಲ, ಅಥವಾ ಎಲ್ಲ ಸರಿಯಿದ್ದಂತೆ ಕಂಡರೂ ಹಳೆಯ ಸ್ಟಿಕ್‌ನ ವೇಗವನ್ನೂ ಕೆಳಗೆಳೆದಿರುತ್ತದೆ.

ಕೊಂಡು ತಪ್ಪುವುದು ಈಗ ಮೊದಲಿಗಿಂತ ದುಬಾರಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಹೆಚ್ಚಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ಮಾರುತ್ತಿದ್ದ ರ್‍ಯಾಮ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೀಗಿರುವಾಗ ಮನೆಯ ಡೆಸ್ಕ್‌ಟಾಪ್‌ಗೆ ನಮ್ಮ ಸಲಹೆ ಇಷ್ಟು: ಒಂದು ಸ್ಲಾಟ್ ಖಾಲಿ ಇದ್ದರೆ ಇರುವ ಸ್ಟಿಕ್‌ಗೆ ಸರಿಜೋಡಿಯಾಗುವ ಇನ್ನೊಂದನ್ನು ಸೇರಿಸಿ. ಇರುವುದನ್ನೆಲ್ಲ ಕಿತ್ತು ಹೊಸ ಜೋಡಿ ಹಾಕಬೇಕಾದ ಸಂದರ್ಭಗಳು ಕೆಲವೇ. ಅವು ಯಾವುವು, ಸರಿಜೋಡಿ ಅನ್ನುವುದನ್ನು ಹೇಗೆ ಗುರುತಿಸಬೇಕು ಅನ್ನುವುದೇ ಮುಂದಿನ ವಿಷಯ.

ಮೊದಲು ನೋಡಬೇಕಾದದ್ದು: ಕೊರತೆ ರ್‍ಯಾಮ್‌ನದ್ದೇನಾ?

ದಿನವೂ ಮಾಡುವ ಕೆಲಸವನ್ನೆಲ್ಲ ತೆರೆದಿಡಿ. ಕ್ರೋಮ್‌ನಲ್ಲಿ ಎಂದಿನಷ್ಟು ಟ್ಯಾಬ್, ಟ್ಯಾಲಿ, ನುಡಿ, ಫೋಟೋಶಾಪ್, ಏನಿರುತ್ತದೋ ಅದೆಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿ ಮೆಮೊರಿಯನ್ನು ಆರಿಸಿ. ಅಲ್ಲಿ ‘ಇನ್ ಯೂಸ್’ ಜೊತೆಗೆ ‘ಕಮಿಟೆಡ್’ ಎಂಬ ಅಂಕಿ ಇರುತ್ತದೆ, ಅಂದರೆ ತೆರೆದಿರುವ ತಂತ್ರಾಂಶಗಳಿಗೆಲ್ಲ ಒಟ್ಟು ಕೊಡಲು ಒಪ್ಪಿರುವ ಮೆಮೊರಿ. ಹೆಚ್ಚು ಹೇಳುವುದು ಈ ಎರಡನೆಯದು. 8 ಜಿಬಿ ಇರುವ ಯಂತ್ರದಲ್ಲಿ ಕಮಿಟೆಡ್ 11 ಅಥವಾ 12 ಜಿಬಿ ತೋರಿಸುತ್ತ, ಇನ್ ಯೂಸ್ ಕೂಡ 90 ಪ್ರತಿಶತದ ಮೇಲೆಯೇ ನಿಂತಿದ್ದರೆ ರ್‍ಯಾಮ್ ಸಾಲುತ್ತಿಲ್ಲ. ಮಿಕ್ಕದ್ದನ್ನು ವಿಂಡೋಸ್ ಡಿಸ್ಕಿನ ಪೇಜ್ ಫೈಲಿಗೆ ಬರೆದು, ಮತ್ತೆ ಓದಿ ಹೆಣಗುತ್ತಿದೆ.

ಇನ್ ಯೂಸ್ 60 ಪ್ರತಿಶತದ ಒಳಗಿದ್ದೂ ಯಂತ್ರ ನಿಧಾನವಾಗಿದ್ದರೆ ಅದೇ ಪರದೆಯಲ್ಲಿ ಡಿಸ್ಕ್ ಸಾಲನ್ನು ನೋಡಿ. ಹಳೆಯ ಹಾರ್ಡ್‌ಡಿಸ್ಕ್ ಇದ್ದು 100 ಪ್ರತಿಶತ ತೋರಿಸುತ್ತಿದ್ದರೆ ಆ ಹಣವನ್ನು ಎಸ್‌ಎಸ್‌ಡಿಗೆ ಹಾಕಿ. ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ. ಚಿಕ್ಕ ಚಿಕ್ಕ ಫೈಲುಗಳನ್ನು ಓದುವಾಗ ಅಂತರ ಇನ್ನೂ ಹಿಗ್ಗುತ್ತದೆ. ಹಾರ್ಡ್‌ಡಿಸ್ಕ್ ಮೇಲೆ ಓಡುವ ವಿಂಡೋಸ್‌ಗೆ 16 ಜಿಬಿ ರ್‍ಯಾಮ್ ಹಾಕಿದರೂ ಆನ್ ಆಗಲು ಹಿಡಿಯುವ ಸಮಯ ಅಷ್ಟೇ ಇರುತ್ತದೆ. ಎರಡೂ ಕೊರತೆ ಇದ್ದು ಹಣ ಒಂದಕ್ಕೇ ಸಾಲುವುದಾದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ್‍ಯಾಮ್. 4 ಜಿಬಿ ಮಾತ್ರ ಇರುವ ಯಂತ್ರಕ್ಕೆ ಈ ಮಾತು ಅನ್ವಯಿಸದು, ಅದಕ್ಕೆ ಎರಡೂ ಬೇಕು.

ವಿಂಡೋಸ್ 32-ಬಿಟ್‌ನದ್ದಾ ಎಂದೂ ನೋಡಿಕೊಳ್ಳಿ. ಹೌದಾದರೆ ಅದು 4 ಜಿಬಿಗಿಂತ ಹೆಚ್ಚನ್ನು ಬಳಸುವುದಿಲ್ಲ. 64-ಬಿಟ್ ವಿಂಡೋಸ್ ಹೊಸದಾಗಿ ಹಾಕದೆ ರ್‍ಯಾಮ್ ಸೇರಿಸಿ ಪ್ರಯೋಜನವಿಲ್ಲ.

ಒಳಗೇನಿದೆ?

ಟಾಸ್ಕ್ ಮ್ಯಾನೇಜರಿನ ಅದೇ ಪುಟದ ಕೆಳಭಾಗದಲ್ಲಿ ಸ್ಪೀಡ್, ಸ್ಲಾಟ್ಸ್ ಯೂಸ್ಡ್, ಫಾರ್ಮ್ ಫ್ಯಾಕ್ಟರ್ ಎಂಬ ಮೂರು ಸಾಲುಗಳಿವೆ. ‘1 ಆಫ್ 2’ ಎಂದಿದ್ದರೆ ಒಂದು ಸ್ಲಾಟ್ ಖಾಲಿ. ಫಾರ್ಮ್ ಫ್ಯಾಕ್ಟರ್ ‘ಡಿಮ್’ ಎಂದಿದ್ದರೆ ಅದು 133 ಮಿ.ಮೀ. ಉದ್ದದ ಡೆಸ್ಕ್‌ಟಾಪ್ ಸ್ಟಿಕ್. ‘ಸೋ-ಡಿಮ್’ ಎಂದಿದ್ದರೆ ಅದರ ಅರ್ಧದಷ್ಟು ಉದ್ದದ, ಲ್ಯಾಪ್‌ಟಾಪಿನ ಸ್ಟಿಕ್. ಮಾನಿಟರಿನ ಹಿಂದೆಯೇ ಎಲ್ಲವೂ ಅಡಗಿರುವ ಆಲ್-ಇನ್-ಒನ್‌ಗಳಲ್ಲಿ, ಪುಸ್ತಕದಷ್ಟು ಚಿಕ್ಕ ಮೈಕ್ರೋ, ಟೈನಿ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಚಿಕ್ಕದ್ದೇ. ಮೇಜಿನ ಮೇಲೆ ಇರುವುದೆಲ್ಲ ಡೆಸ್ಕ್‌ಟಾಪ್ ರ್‍ಯಾಮ್ ಅಲ್ಲ.

ತಲೆಮಾರು ತಿಳಿಯಲು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕು. ಅದರ ಮೆಮೊರಿ ಪುಟದಲ್ಲಿ ಡಿಡಿಆರ್3, 4 ಅಥವಾ 5 ಎಂದು ಬರುತ್ತದೆ. ಅಲ್ಲಿ ಕಾಣುವ ಡಿರ್‍ಯಾಮ್ ಫ್ರೀಕ್ವೆನ್ಸಿ ಅಂಗಡಿಯವರು ಹೇಳುವ ಬಸ್‌ನ ಅರ್ಧ ಇರುತ್ತದೆ. 2666ರ ಸ್ಟಿಕ್‌ಗೆ 1333 ಎಂದು ತೋರಿಸಿದರೆ ಯಾರೂ ಮೋಸ ಮಾಡಿಲ್ಲ. ಡಿಡಿಆರ್ ಮೆಮೊರಿ ಗಡಿಯಾರದ ಒಂದು ಸುತ್ತಿನಲ್ಲಿ ಎರಡು ಸಲ ದತ್ತಾಂಶ ಕಳಿಸುತ್ತದೆ, ಅದಕ್ಕೇ ಹಾಗೆ.

ಮೂರು ತಲೆಮಾರುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಾರದು. ಡಿಡಿಆರ್3ಕ್ಕೆ 240 ಪಿನ್, 1.5 ವೋಲ್ಟ್ (ಕಡಿಮೆ ವೋಲ್ಟೇಜಿನ 3ಎಲ್‌ಗೆ 1.35). ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ಡಿಡಿಆರ್5ಕ್ಕೂ 288 ಪಿನ್ನೇ, ಆದರೆ 1.1 ವೋಲ್ಟ್, ಮಧ್ಯದ ಕಚ್ಚು ಬೇರೆ ಜಾಗದಲ್ಲಿದೆ. ಬಲ ಹಾಕಿ ಒತ್ತಿದರೆ ಸ್ಲಾಟ್ ಒಡೆಯುತ್ತದೆಯೇ ಹೊರತು ಸ್ಟಿಕ್ ಕೂರುವುದಿಲ್ಲ.

ಬೆಂಗಳೂರಿನಲ್ಲಿ ಐಟಿ ಕಂಪನಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳು ರಿಫರ್ಬಿಶ್ಡ್ ಎಂದು ಧಾರಾಳವಾಗಿ ಸಿಗುತ್ತವೆ, ಎಷ್ಟೋ ಮನೆಗಳಲ್ಲಿ ಓಡುತ್ತಿರುವುದು ಅವೇ. ಅವುಗಳ ಮಿತಿ ತಿಳಿದಿರಲಿ. ಡೆಲ್ ಆಪ್ಟಿಪ್ಲೆಕ್ಸ್ 3020 ಟವರ್‌ನಲ್ಲಿ ಇರುವುದು ಡಿಡಿಆರ್3ರ ಎರಡೇ ಸ್ಲಾಟ್, ಗರಿಷ್ಠ 16 ಜಿಬಿ, 1600 ಬಸ್. ಇಂಟೆಲ್ ನಾಲ್ಕನೇ ತಲೆಮಾರಿನ ಡೆಸ್ಕ್‌ಟಾಪ್‌ಗಳು ಒಂದು ಸ್ಲಾಟಿನಲ್ಲಿ 8 ಜಿಬಿಗಿಂತ ದೊಡ್ಡ ಸ್ಟಿಕ್ ಗುರುತಿಸುವುದಿಲ್ಲ. ಆರನೇ ತಲೆಮಾರಿನ ಎಚ್110 ಮದರ್‌ಬೋರ್ಡ್‌ನಲ್ಲೂ ಎರಡೇ ಸ್ಲಾಟ್, ಆದರೆ 16 ಜಿಬಿಯ ಸ್ಟಿಕ್ ಹಿಡಿಯುತ್ತದೆ, ಒಟ್ಟು 32.

ಸೇರಿಸುವುದಾ, ಬದಲಿಸುವುದಾ?

ಅಸೆಂಬಲ್ ಮಾಡಿಸಿದ ಪಿಸಿಗಳಲ್ಲಿ ಬಹಳ ಸಲ ಕಾಣುವುದು 8 ಜಿಬಿಯ ಒಂದು ಡಿಡಿಆರ್4 ಸ್ಟಿಕ್, ಪಕ್ಕದಲ್ಲಿ ಒಂದು ಖಾಲಿ ಸ್ಲಾಟ್. ಇಲ್ಲಿ ಯೋಚನೆಯೇ ಬೇಡ, ಇನ್ನೊಂದು 8 ಜಿಬಿ ಸೇರಿಸಿ. ಒಟ್ಟು 16 ಆಗುವುದಲ್ಲದೆ ಡ್ಯುಯಲ್ ಚಾನೆಲ್ ಕೂಡ ಸಿಗುತ್ತದೆ. ಪ್ರೊಸೆಸರಿಗೂ ರ್‍ಯಾಮಿಗೂ ನಡುವೆ ಎರಡು ದಾರಿಗಳಿವೆ. ಒಂದೇ ಸ್ಟಿಕ್ ಇದ್ದಾಗ ಒಂದು ದಾರಿ ಬಂದ್. 2666 ಬಸ್‌ನ ಒಂದು ಸ್ಟಿಕ್ ಸೆಕೆಂಡಿಗೆ ಗರಿಷ್ಠ 21.3 ಜಿಬಿ ಸಾಗಿಸಿದರೆ ಎರಡು ಸೇರಿ 42.6 ಜಿಬಿ. ಟೈಪಿಂಗ್, ಟ್ಯಾಲಿಗೆ ಇದರ ವ್ಯತ್ಯಾಸ ಕಾಣದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಯಲ್ಲಿ ಚಿತ್ರವನ್ನು ಮೂಡಿಸುವ ಭಾಗವೂ ಇದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ, ಗೇಮ್ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ಚೆನ್ನಾಗಿ ಕಾಣುತ್ತದೆ. ಎಎಂಡಿಯ ರೈಝನ್ 3200ಜಿ, 5600ಜಿಯಂಥ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಉಳ್ಳವರು ಒಂದೇ ಸ್ಟಿಕ್‌ನಲ್ಲಿ ಓಡಿಸುತ್ತಿದ್ದರೆ ಕೊಟ್ಟ ದುಡ್ಡಿನ ದೊಡ್ಡ ಪಾಲನ್ನು ಬಳಸುತ್ತಲೇ ಇಲ್ಲ.

ಇನ್ನೊಂದು ಸಂದರ್ಭ: ಎರಡೇ ಸ್ಲಾಟ್, ಎರಡರಲ್ಲೂ 4 ಜಿಬಿ. ಇಲ್ಲಿ ಸೇರಿಸಲು ಜಾಗವಿಲ್ಲ. ಒಂದನ್ನು ತೆಗೆದು 8 ಜಿಬಿ ಹಾಕಬಹುದು, ಒಟ್ಟು 12. ಗಾತ್ರ ಬೇರೆ ಬೇರೆ ಇದ್ದರೆ ಡ್ಯುಯಲ್ ಚಾನೆಲ್ ಪೂರ್ತಿ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಇಂಟೆಲ್‌ನ ಫ್ಲೆಕ್ಸ್ ಮೋಡ್‌ನಲ್ಲಿ ಎರಡೂ ಕಡೆಯ 4 ಜಿಬಿ ಜೋಡಿಯಾಗಿ ಓಡುತ್ತವೆ, ಉಳಿದ 4 ಜಿಬಿ ಮಾತ್ರ ಒಂಟಿ ದಾರಿಯಲ್ಲಿ. ಮಕ್ಕಳ ಓದು, ಆಫೀಸ್ ಕೆಲಸ, ಬ್ಯಾಂಕ್ ಪುಟಗಳು ಇಷ್ಟೇ ಇದ್ದರೆ 12 ಜಿಬಿ ಸಾಕು, ಅತಿ ಕಡಿಮೆ ಖರ್ಚೂ ಇದೇ. ಆಲ್ಬಂ ಡಿಸೈನ್ ಮಾಡುವ ಸ್ಟುಡಿಯೊದವರು, ಆಂಡ್ರಾಯ್ಡ್ ಸ್ಟುಡಿಯೊ ಕಲಿಯುತ್ತಿರುವ ವಿದ್ಯಾರ್ಥಿಗಳು 8+8 ಮಾಡಿಕೊಳ್ಳುವುದೇ ಸರಿ.

ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಉತ್ತರ ತಲೆಮಾರಿನ ಮೇಲೆ ನಿಂತಿದೆ. ಡಿಡಿಆರ್4 ಆದರೆ ಎರಡರ ಜೊತೆ ಇನ್ನೆರಡು ಸೇರಿಸಿ, ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಡಿಡಿಆರ್5 ಆದರೆ ಬೇಡ. ನಾಲ್ಕೂ ಸ್ಲಾಟ್ ತುಂಬಿದಾಗ ಸಿಗ್ನಲ್ ಸ್ವಚ್ಛವಾಗಿ ಉಳಿಯದೆ ವೇಗ ಇಳಿಸಬೇಕಾಗುತ್ತದೆ. ರೈಝನ್ 7000 ಸರಣಿಯಲ್ಲಿ ಎಎಂಡಿ ತಾನೇ ಕೊಟ್ಟಿರುವ ಮಿತಿ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600. 32 ಜಿಬಿ ಇರುವವರಿಗೆ 64 ಬೇಕಾದರೆ ಹಳೆಯ ಜೋಡಿ ಮಾರಿ 32ರ ಎರಡು ಸ್ಟಿಕ್‌ನ ಕಿಟ್ ತೆಗೆದುಕೊಳ್ಳುವುದೇ ದಾರಿ. ಖರ್ಚು ಹೆಚ್ಚು, ಆದರೆ ತಲೆನೋವು ಕಡಿಮೆ.

ಇಲ್ಲಿಯವರೆಗೂ ಹೆಚ್ಚಿನವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದೆ ಏಟು ತಿನ್ನುವುದು ಬಸ್‌ನ ವಿಷಯದಲ್ಲಿ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬೇರೆ ಬೇರೆ ವೇಗದ ಎರಡು ಸ್ಟಿಕ್ ಒಟ್ಟಿಗೆ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಹಾಗಾದರೆ ಇರುವ 2666ರ ಪಕ್ಕ 3200ರದ್ದನ್ನು ಹಾಕಿದರೆ ಎರಡೂ 2666ರಲ್ಲಿ ಓಡಬೇಕು ಅಲ್ಲವೇ? ಯಾವಾಗಲೂ ಅಲ್ಲ. ಮಾರುಕಟ್ಟೆಯಲ್ಲಿ 3200 ಎಂದು ಬರೆದಿರುವ ಸ್ಟಿಕ್‌ಗಳು ಎರಡು ಬಗೆ. ಮೊದಲನೆಯದು ಕವಚವಿಲ್ಲದ ಬರೀ ಹಸಿರು ಅಥವಾ ಕಪ್ಪು ಬೋರ್ಡಿನದ್ದು, 1.2 ವೋಲ್ಟ್, ಸಿಎಲ್22 (ಸಿಎಲ್ ಎಂದರೆ ಕೇಳಿದ ದತ್ತಾಂಶ ಕೊಡಲು ಹಿಡಿಯುವ ಗಡಿಯಾರದ ಸುತ್ತುಗಳು). ಇದು ಹುಟ್ಟಿನಿಂದಲೇ 3200. 2933, 2666, 2400ರ ಲೆಕ್ಕವೂ ಅದರ ಚಿಪ್‌ನಲ್ಲೇ ಬರೆದಿರುತ್ತದೆ. ಎರಡನೆಯದು ಬಣ್ಣದ ಲೋಹದ ಕವಚ ಹೊದ್ದ ಗೇಮಿಂಗ್ ಸ್ಟಿಕ್, ಬಹುತೇಕ 1.35 ವೋಲ್ಟ್, ಸಿಎಲ್16. ಅದರ 3200 ವೇಗ ಬರುವುದು ಬಯಾಸ್‌ನಲ್ಲಿ (ಪಿಸಿ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗನ್ನು ಆನ್ ಮಾಡಿದಾಗ ಮಾತ್ರ. ಆನ್ ಮಾಡದಿದ್ದರೆ ಅದರ ಮೂಲ ವೇಗ ಎಷ್ಟೋ ಮಾದರಿಗಳಲ್ಲಿ 2133 ಅಥವಾ 2400. ಡೆಲ್, ಎಚ್‌ಪಿ, ಲೆನೊವೊಗಳ ಆಫೀಸ್ ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಇರುವುದೇ ಇಲ್ಲ ಎನ್ನಬಹುದು. ಅಂಥದಕ್ಕೆ ದುಬಾರಿ ಗೇಮಿಂಗ್ ಸ್ಟಿಕ್ ಸೇರಿಸಿದರೆ 2666ರಲ್ಲಿ ಓಡುತ್ತಿದ್ದ ಹಳೆಯದೂ 2133ಕ್ಕೆ ಇಳಿಯುತ್ತದೆ. ಹೆಚ್ಚು ಹಣ, ಕಡಿಮೆ ವೇಗ.

ಹಾಗಾಗಿ ಬ್ರ್ಯಾಂಡೆಡ್ ಪಿಸಿಗೆ, ಎಚ್ ಸರಣಿಯ ಅಗ್ಗದ ಬೋರ್ಡ್‌ಗೆ ಕೊಳ್ಳುವಾಗ 1.2 ವೋಲ್ಟ್‌ನ ಸಾದಾ ಸ್ಟಿಕ್ಕನ್ನೇ ಕೇಳಿ. ಎಕ್ಸ್‌ಎಂಪಿ ಇರುವ ಬೋರ್ಡ್‌ನಲ್ಲಿ ಗೇಮಿಂಗ್ ಸ್ಟಿಕ್ಕೇ ಈಗಾಗಲೇ ಇದ್ದರೆ ಅದೇ ಮಾದರಿ ಹುಡುಕಿ. ಎರಡು ಕಂಪನಿಯ ಎಕ್ಸ್‌ಎಂಪಿ ಲೆಕ್ಕಗಳು ಒಂದಕ್ಕೊಂದು ಹೊಂದದೆ ಯಂತ್ರ ಮೂರ್ನಾಲ್ಕು ಸಲ ಆನ್-ಆಫ್ ಆಗಿ ಮೂಲ ವೇಗಕ್ಕೆ ಮರಳುವುದು ಸಾಮಾನ್ಯ. ಸಾದಾ ಸ್ಟಿಕ್‌ಗಳಲ್ಲಿ ಕಂಪನಿ ಬೇರೆಯಾದರೂ ಚಿಂತೆಯಿಲ್ಲ.

ಪ್ರೊಸೆಸರಿನ ಮಿತಿಯನ್ನೂ ನೋಡಿ. ಇಂಟೆಲ್ ಏಳನೇ ತಲೆಮಾರಿಗೆ 2400, ಹತ್ತನೆಯ ಐ3, ಐ5ಗೆ 2666, ಹನ್ನೊಂದಕ್ಕೆ 3200. ಅಗ್ಗದ ಎಚ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಇದರಾಚೆ ಹೋಗಲಾಗದು. ವೇಗದ ಸ್ಟಿಕ್ ಹಾಕಿದರೆ ಹಾಳಾಗುವುದೇನೂ ಇಲ್ಲ, ಕೆಳಗಿಳಿದು ಓಡುತ್ತದೆ, ಅಷ್ಟೆ.

ಲೇಬಲ್ ಓದುವುದು

ಸ್ಟಿಕ್ ಮೇಲಿನ ಕಾಗದದ ಲೇಬಲ್‌ನಲ್ಲಿ ಬೇಕಾದದ್ದೆಲ್ಲ ಇದೆ. ಉದಾಹರಣೆಗೆ ‘8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯುಎ2’ ಎಂದಿದೆ ಅನ್ನಿ. ಪಿಸಿ4 ಎಂದರೆ ಡಿಡಿಆರ್4. 2666 ಅದರ ಬಸ್. ಪಕ್ಕದ ಅಕ್ಷರವೂ ಅದನ್ನೇ ಹೇಳುತ್ತದೆ: 2133ಕ್ಕೆ ಪಿ, 2400ಕ್ಕೆ ಟಿ, 2666ಕ್ಕೆ ವಿ, 3200ಕ್ಕೆ ಎಎ. ಕೊನೆಯ ‘ಯು’ ಬಹಳ ಮುಖ್ಯ. ಯು ಇದ್ದರೆ ಡೆಸ್ಕ್‌ಟಾಪಿನದ್ದು, ಎಸ್ ಇದ್ದರೆ ಲ್ಯಾಪ್‌ಟಾಪಿನದ್ದು, ಆರ್ ಇದ್ದರೆ ಸರ್ವರಿನದ್ದು. ಸರ್ವರ್ ಸ್ಟಿಕ್ ಡೆಸ್ಕ್‌ಟಾಪಿನದರಷ್ಟೇ ಉದ್ದ, ಡಿಡಿಆರ್4ರ ಸ್ಲಾಟಿಗೂ ಕೂರುತ್ತದೆ, ಆದರೆ ಸಾಮಾನ್ಯ ಡೆಸ್ಕ್‌ಟಾಪ್ ಆನ್ ಆಗುವುದೇ ಇಲ್ಲ. ಹಳೆಯ ಸರ್ವರುಗಳಿಂದ ಬಿಚ್ಚಿದ ಇಂಥವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗದ ಬೆಲೆಗೆ ಕಣ್ಣಿಗೆ ಬೀಳುತ್ತವೆ. ಬೇಡ.

‘1ಆರ್‌ಎಕ್ಸ್8’ ಎಂದರೆ ಎಂಟು ಚಿಪ್. ‘1ಆರ್‌ಎಕ್ಸ್16’ ಎಂದಿದ್ದರೆ ನಾಲ್ಕೇ ಚಿಪ್. ಗಾತ್ರ ಅಷ್ಟೇ ಆದರೂ ಸ್ವಲ್ಪ ನಿಧಾನ. ಒಂದೇ ಬೆಲೆಗೆ ಎರಡೂ ಸಿಕ್ಕರೆ ಎಂಟು ಚಿಪ್‌ನದ್ದನ್ನು ತೆಗೆದುಕೊಳ್ಳಿ. ಡಿಡಿಆರ್3ರಲ್ಲಿ ಬರಹ ಬೇರೆ: ‘ಪಿಸಿ3-12800ಯು’ ಎಂದರೆ 1600 ಬಸ್, ‘ಪಿಸಿ3-10600ಯು’ ಎಂದರೆ 1333. ನಡುವೆ ‘ಎಲ್’ ಇದ್ದರೆ 1.35 ವೋಲ್ಟ್‌ನದ್ದು. ‘ಎಎಂಡಿಗೆ ಮಾತ್ರ’ ಎನ್ನುವ ಅಗ್ಗದ ಡಿಡಿಆರ್3 ಸ್ಟಿಕ್‌ಗಳೂ ಇವೆ; ಅವುಗಳ ಚಿಪ್ ಜೋಡಣೆಯೇ ಬೇರೆ, ಇಂಟೆಲ್ ಬೋರ್ಡ್‌ಗಳು ಅವನ್ನು ಗುರುತಿಸುವುದಿಲ್ಲ.

8, 16, 32: ಎಷ್ಟು?

ಬ್ರೌಸರ್, ವರ್ಡ್, ಟ್ಯಾಲಿಗೆ 8 ಜಿಬಿಯಲ್ಲಿ ಹೇಗೋ ನಡೆಯುತ್ತದೆ, 12 ಅಥವಾ 16ರಲ್ಲಿ ನೆಮ್ಮದಿಯಾಗಿ ನಡೆಯುತ್ತದೆ. ಫೋಟೋಶಾಪ್, ಕೋಡಿಂಗ್, ಆನ್‌ಲೈನ್ ಕ್ಲಾಸಿನ ಜೊತೆ ಮೂವತ್ತು ಟ್ಯಾಬ್ ಇರುವ ಮನೆಗೆ 16. 4ಕೆ ವಿಡಿಯೊ ಎಡಿಟಿಂಗ್, ಆಂಡ್ರಾಯ್ಡ್ ಎಮ್ಯುಲೇಟರ್, ವರ್ಚುವಲ್ ಮಷಿನ್ ಇದ್ದರೆ 32. ಬೇಕಾದದ್ದಕ್ಕಿಂತ ಹೆಚ್ಚು ಹಾಕಿದರೆ ಪಿಸಿ ಇನ್ನೂ ವೇಗವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಹೊಸದೋ, ಹಳೆಯದೋ?

ಡಿಡಿಆರ್3 ಯಂತ್ರಕ್ಕೆ ಹೊಸ ಸ್ಟಿಕ್ ಕೊಳ್ಳಬೇಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್ ಎಂಟನೇ ತಲೆಮಾರು, ರೈಝನ್ 2000 ಅಥವಾ ಅದಕ್ಕೂ ಹೊಸತು ಬೇಕು. ಡಿಡಿಆರ್3ರ ಪಿಸಿಗಳು ಆ ಗೆರೆಯ ಹಿಂದೆ ಉಳಿದವು. ಅವುಗಳ ಮೇಲೆ ಹೆಚ್ಚು ಹಣ ಸುರಿಯದೆ, ಕಂಪನಿ ಪಿಸಿಗಳಿಂದ ಬಿಚ್ಚಿದ ಸ್ಯಾಮ್‌ಸಂಗ್, ಹೈನಿಕ್ಸ್ ಅಥವಾ ಮೈಕ್ರಾನ್ ಸ್ಟಿಕ್ ತಂದು ಲಿನಕ್ಸ್ ಮಿಂಟ್ ಹಾಕಿಕೊಂಡರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ರ್‍ಯಾಮ್ ಬಳಸಿ ಸವೆಯುವ ವಸ್ತುವಲ್ಲ. ಚಿಪ್ ತಯಾರಿಸುವ ಈ ಮೂರು ಕಂಪನಿಗಳ ಹಳೆಯ ಸ್ಟಿಕ್, ಹೆಸರೇ ಕೇಳದ ಕಂಪನಿಯ ಹೊಸ ಸ್ಟಿಕ್‌ಗಿಂತ ನಂಬಲರ್ಹ ಎಂಬುದು ನಮ್ಮ ಅಭಿಪ್ರಾಯ. ಡಿಡಿಆರ್4ರಲ್ಲಿ ಎರಡೂ ಸರಿ. ಡಿಡಿಆರ್5ಕ್ಕೆ ಹೊಸದೇ ಇರಲಿ: ಅದರ ಸ್ಟಿಕ್‌ನಲ್ಲೇ ವೋಲ್ಟೇಜ್ ನಿಯಂತ್ರಿಸುವ ಚಿಪ್ ಇದೆ, ಹಿಂದಿನವರು ವೋಲ್ಟೇಜ್ ಏರಿಸಿ ಓಡಿಸಿದ್ದರೆ ಹೊರಗೆ ಏನೂ ಗೊತ್ತಾಗದು.

ಎಸ್.ಪಿ. ರಸ್ತೆಗೆ ಹೋಗುವುದಾದರೆ ಹಳೆಯ ಸ್ಟಿಕ್ಕನ್ನೇ ಬಿಚ್ಚಿ ತೆಗೆದುಕೊಂಡು ಹೋಗಿ, ಇಲ್ಲವಾದರೆ ಲೇಬಲ್‌ನ ಸ್ಪಷ್ಟ ಫೋಟೊ ಇರಲಿ. ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಹಸಿರು ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆ ಅಥವಾ ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಸಲೀಸು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಹೊಸದಕ್ಕೆ ಜಿಎಸ್‌ಟಿ ಬಿಲ್ ಕೇಳಿ. ತೆರಿಗೆ 18 ಪ್ರತಿಶತ. ‘ಬಿಲ್ ಇಲ್ಲದೆ ಕಡಿಮೆಗೆ’ ಎಂಬ ಮಾತಿಗೆ ಒಪ್ಪಿದರೆ ವರ್ಷಗಟ್ಟಲೆ ಇರುವ ಕಂಪನಿ ವಾರಂಟಿ ಅಲ್ಲಿಗೇ ಕೈಬಿಡಬಹುದು. ಬಿಲ್‌ನಲ್ಲಿ ಸ್ಟಿಕ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್‌ಗೆ ಸಿಗುವುದು ಟೆಸ್ಟಿಂಗ್ ವಾರಂಟಿ ಮಾತ್ರ. ಎಷ್ಟು ದಿನ, ಹಣ ವಾಪಸ್ಸಾ ಅಥವಾ ಬೇರೆ ಪೀಸಾ ಎಂದು ಚೀಟಿಯ ಮೇಲೆ ಬರೆಸಿ. ಅಂಗಡಿಯಲ್ಲೇ ಒಂದು ಬೋರ್ಡಿಗೆ ಹಾಕಿ ಸಿಪಿಯು-ಝಡ್‌ನ ಎಸ್‌ಪಿಡಿ ಪುಟ ತೋರಿಸಲು ಹೇಳಿ; ಲೇಬಲ್‌ನ ಕಂಪನಿ, ಗಾತ್ರ, ಬಸ್ ಅಲ್ಲಿಯೂ ಹಾಗೆಯೇ ಬರಬೇಕು. ಆನ್‌ಲೈನ್‌ನಲ್ಲಿ ಬೆಲೆ ಕಡಿಮೆ ಇದ್ದರೂ, ಈ ನೋಡಿ ಕೊಳ್ಳುವ ಅನುಕೂಲ ಸಿಗದು. ಸೀಲ್ ಆದ ಹೊಸದಕ್ಕೆ ಆನ್‌ಲೈನ್, ಸೆಕೆಂಡ್ ಹ್ಯಾಂಡ್‌ಗೆ ಅಂಗಡಿ.

ಹಾಕುವ ಕ್ರಮ

ಶಟ್‌ಡೌನ್ ಒತ್ತುವಾಗ ಶಿಫ್ಟ್ ಹಿಡಿದಿರಿ. ಹಾಗೆ ಮಾಡದಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಹಿಂದಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ. ಹಿಂದಿರುವ ಎಸ್‌ಎಂಪಿಎಸ್‌ನ (ಪಿಸಿಗೆ ವಿದ್ಯುತ್ ಒದಗಿಸುವ ಡಬ್ಬಿ) ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ಲನ್ನೇ ಕಿತ್ತುಬಿಡಿ. ‘ಅರ್ಥಿಂಗ್‌ಗೆ ಪ್ಲಗ್ ಇರಲಿ’ ಎನ್ನುವ ಸಲಹೆ ಅರ್ಥಿಂಗ್ ಸರಿಯಿರುವ ಮನೆಗೆ ಮಾತ್ರ. ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಮೂರನೇ ಪಿನ್‌ಗೆ ಅರ್ಥ್ ತಂತಿಯೇ ಇರುವುದಿಲ್ಲ, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದು ಅದಕ್ಕೇ. ಕೇಬಲ್ ತೆಗೆದ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದಿರುವ ಕರೆಂಟ್ ಹೋಗುತ್ತದೆ.

ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿ ಎಡಬದಿಯ ಬಾಗಿಲು ತೆಗೆಯಿರಿ. ರಸ್ತೆ ಪಕ್ಕದ ಮನೆಯಾಗಿದ್ದರೆ ಒಳಗೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಸ್ಟಿಕ್ ತೆಗೆಯುವ ಮೊದಲೇ ಬ್ಲೋವರ್‌ನಿಂದ ಊದಿ, ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಇಲ್ಲವಾದರೆ ಆ ಧೂಳೆಲ್ಲ ಖಾಲಿ ಸ್ಲಾಟಿನೊಳಗೆ ಹೋಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಮೈಯ ಸ್ಥಾಯೀ ವಿದ್ಯುತ್ ಹೆಚ್ಚು, ಹಾಗಾಗಿ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟಿಕೊಳ್ಳಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಬೇಕು, ಚಿನ್ನದ ಬಣ್ಣದ ಪಟ್ಟಿಗಳನ್ನು ಮುಟ್ಟಬಾರದು.

ನಾಲ್ಕು ಸ್ಲಾಟ್ ಇದ್ದು ಎರಡು ಸ್ಟಿಕ್ ಹಾಕುವುದಾದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಈಗಿನ ಅಸೆಂಬಲ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಹೀಗೆ. ಬ್ರ್ಯಾಂಡೆಡ್ ಪಿಸಿಗಳಲ್ಲಿ ಬಾಗಿಲಿನ ಒಳಗೆ ಅಂಟಿಸಿರುವ ಚಿತ್ರ ನೋಡಿ. ಅಕ್ಕಪಕ್ಕದ ಮೊದಲ ಎರಡಕ್ಕೆ ಅಥವಾ ಕೊನೆಯ ಎರಡಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲ್ಲಿಗೆ ಹೋಗಿ, ಗಾತ್ರ ಸರಿಯಿದ್ದರೂ ವೇಗ ಅರ್ಧವಾಗುತ್ತದೆ.

ಸ್ಲಾಟಿನ ತುದಿಯ ಕ್ಲಿಪ್ ಹೊರಕ್ಕೆ ಬಗ್ಗಿಸಿ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಸ್ಟಿಕ್‌ನ ಕಚ್ಚನ್ನು ಸ್ಲಾಟಿನ ಗಂಟಿಗೆ ಹೊಂದಿಸಿ ನೇರ ನಿಲ್ಲಿಸಿ, ಎರಡೂ ಹೆಬ್ಬೆರಳಿಂದ ಎರಡು ತುದಿಯನ್ನೂ ಸಮವಾಗಿ ಒತ್ತಿ. ಮೊದಲ ಸಲ ಮಾಡುವವರಿಗೆ ಭಯವಾಗುವಷ್ಟು ಬಲ ಬೇಕಾಗುತ್ತದೆ, ಬೋರ್ಡ್ ಸ್ವಲ್ಪ ಬಾಗಿದಂತೆಯೂ ಅನಿಸುತ್ತದೆ. ‘ಟಕ್’ ಎಂದು ಕ್ಲಿಪ್ ತಾನೇ ಮೇಲೆ ಬಂದು ಸ್ಟಿಕ್‌ನ ಬದಿಯ ಕಚ್ಚಿಗೆ ಕೂತಾಗ ಮಾತ್ರ ಮುಗಿಯಿತು. ಬೆರಳಿನಿಂದ ಕ್ಲಿಪ್ ಎತ್ತಿ ಕೂರಿಸಿದರೆ ಸಾಲದು. ಹಾಕಿದ ಮೇಲೆ ಅಡ್ಡದಿಂದ ನೋಡಿ: ಚಿನ್ನದ ಪಟ್ಟಿ ಎರಡೂ ತುದಿಯಲ್ಲಿ ಒಂದೇ ಸಮ ಕಾಣಬೇಕು. ಒಂದು ತುದಿ ಎದ್ದಿರುವಾಗ ಅಥವಾ ಸ್ಟಿಕ್ ತಿರುಗುಮುರುಗಾಗಿ ಅರ್ಧ ಕೂತಿರುವಾಗ ಪವರ್ ಕೊಟ್ಟರೆ ಪಟ್ಟಿಗಳು ಸುಟ್ಟು, ಸ್ಟಿಕ್ ಜೊತೆ ಸ್ಲಾಟೂ ಹೋಗುತ್ತದೆ.

ರ್‍ಯಾಮ್‌ಗೆ ಬೇಕಾಗುವ ವಿದ್ಯುತ್ ಕೆಲವೇ ವ್ಯಾಟ್. ‘ಎಸ್‌ಎಂಪಿಎಸ್ ಬದಲಿಸಬೇಕಾಗುತ್ತೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಾಕಿದ ಮೇಲೆ ತೊಂದರೆ ಬಂದರೆ

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ಡಿಡಿಆರ್5 ಯಂತ್ರವಾಗಿದ್ದರೆ ಮೊದಲ ಸಲ ಹತ್ತು ನಿಮಿಷದವರೆಗೂ ಸುಮ್ಮನೆ ಬಿಡಿ. ಬೋರ್ಡ್ ಹೊಸ ಸ್ಟಿಕ್‌ಗೆ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ. ಡಿಡಿಆರ್3, 4ರಲ್ಲಿ ಒಂದೆರಡು ನಿಮಿಷ ಸಾಕು. ಆಮೇಲೂ ಬಾರದಿದ್ದರೆ ಕೇಬಲ್ ಕಿತ್ತು, ಹೊಸದನ್ನು ಒಂದನ್ನೇ ಹಳೆಯದರ ಸ್ಲಾಟಿಗೆ ಹಾಕಿ ನೋಡಿ. ಆನ್ ಆದರೆ ಸ್ಟಿಕ್ ಚೆನ್ನಾಗಿದೆ, ಅನುಮಾನ ಇನ್ನೊಂದು ಸ್ಲಾಟಿನ ಮೇಲೆ. ಆಗದಿದ್ದರೆ ಸ್ಟಿಕ್ ಕೆಟ್ಟಿದೆ, ಇಲ್ಲವೇ ಹೊಂದುತ್ತಿಲ್ಲ. ವರ್ಷಗಳಿಂದ ಖಾಲಿ ಇದ್ದ ಸ್ಲಾಟಿನಲ್ಲಿ ಧೂಳು, ಹಳೆಯ ಸ್ಟಿಕ್‌ನ ಪಟ್ಟಿಯಲ್ಲಿ ಮಸಿ ಇರುವುದೇ ಹೆಚ್ಚು. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಮೆತ್ತಗೆ, ಒಂದೇ ದಿಕ್ಕಿನಲ್ಲಿ ಉಜ್ಜಿ ಪುಡಿ ಒರೆಸಿದರೆ ಕೆಲಸವಾಗುತ್ತದೆ, ಆದರೆ ಒರಟಾಗಿ ಉಜ್ಜಿದರೆ ತೆಳು ಚಿನ್ನದ ಲೇಪ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ ಮೇಲು. ಕೊನೆಗೆ, ಬೋರ್ಡ್‌ನ ನಾಣ್ಯದಂಥ ಬ್ಯಾಟರಿಯನ್ನು ಕೇಬಲ್ ಕಿತ್ತಿರುವಾಗಲೇ ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಬಯಾಸ್ ಮೂಲ ಸ್ಥಿತಿಗೆ ಬರುತ್ತದೆ.

ಡೆಲ್‌ನಂಥ ಯಂತ್ರಗಳು ಮೊದಲ ಸಲ ‘ಮೆಮೊರಿ ಪ್ರಮಾಣ ಬದಲಾಗಿದೆ’ ಎಂದು ತೋರಿಸಿ ನಿಲ್ಲುತ್ತವೆ. ಅದು ದೋಷವಲ್ಲ; ಪರದೆಯಲ್ಲಿ ಹೇಳಿದ ಕೀ ಒತ್ತಿ ಮುಂದೆ ಹೋಗಿ.

16 ಹಾಕಿದರೂ ಬಳಸಲು 8 ಮಾತ್ರ ಸಿಗುತ್ತಿದೆ ಎಂದರೆ ಬಯಾಸ್‌ನಲ್ಲಿ ನೋಡಿ. ಅಲ್ಲೂ 8 ಇದ್ದರೆ ಸ್ಟಿಕ್ ಸರಿಯಾಗಿ ಕೂತಿಲ್ಲ, ಅಥವಾ ಇಂಟೆಲ್ ಸಾಕೆಟ್ಟಿನ ಪಿನ್ ಬಾಗಿ ಒಂದು ಚಾನೆಲ್ ಸತ್ತಿದೆ. ಕೂಲರ್ ಬಿಚ್ಚಿ ಹಾಕಿದ ಮೇಲೆ ಹೀಗಾದರೆ ಅನುಮಾನ ಅಲ್ಲೇ. ಬಯಾಸ್‌ನಲ್ಲಿ 16 ಇದ್ದು ವಿಂಡೋಸ್‌ನಲ್ಲಿ ಇಲ್ಲವಾದರೆ ಸಿಸ್ಟಮ್ ಕಾನ್ಫಿಗರೇಶನ್‌ನ ಬೂಟ್ ಪುಟದಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದು ‘ಮ್ಯಾಕ್ಸಿಮಮ್ ಮೆಮೊರಿ’ಗೆ ಗುರುತು ಹಾಕಿದ್ದರೆ ತೆಗೆಯಿರಿ. ಅಂತರ್ಜಾಲದ ‘ವೇಗ ಹೆಚ್ಚಿಸುವ’ ವಿಡಿಯೊ ನೋಡಿ ಅದನ್ನು ಹಾಕಿಕೊಂಡವರು ಬಹಳ.

ಎಲ್ಲ ಸರಿಯಿದ್ದು ಎರಡು ಮೂರು ದಿನಕ್ಕೊಮ್ಮೆ ನೀಲಿ ಪರದೆ ಬರುವುದು ಅತ್ಯಂತ ಕೆಟ್ಟ ಬಗೆ. ಅದಕ್ಕಾಗಿ ಕಾಯದೆ, ಹಾಕಿದ ದಿನವೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ. ಉಚಿತ ಆವೃತ್ತಿಯ ನಾಲ್ಕು ಸುತ್ತು ಮುಗಿಯಲು 16 ಜಿಬಿಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗಿ ಮತ್ತೆ ಮೊದಲಿಂದ ಮಾಡಬೇಕಾದೀತು. ಒಂದೇ ಒಂದು ಕೆಂಪು ಸಾಲು ಬಂದರೂ ಅದನ್ನು ಬಿಡಬಾರದು. ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ ಮತ್ತೊಮ್ಮೆ ಓಡಿಸಿ; ಆಗಲೂ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಯಾವುದೆಂದು ಹಿಡಿದು, ಪರದೆಯ ಫೋಟೊ ತೆಗೆದು, ಟೆಸ್ಟಿಂಗ್ ವಾರಂಟಿಯ ದಿನ ಮುಗಿಯುವ ಮೊದಲೇ ಬಿಲ್ ಸಮೇತ ಅಂಗಡಿಗೆ ವಾಪಸ್ ಕೊಡಿ.